ಕುವೈತಿನಿಂದ ಬಂದ ಒಲೆ

ಒಲೆಯ ಒಳಗೆ ಚಟಚಟ ಸದ್ದಾಯಿತು. ಫಕ್ರುನ್ನೀಸಾ ಬಗ್ಗಿ ಗಾಜಿನ ಬಾಗಿಲಲ್ಲಿ ನೋಡಿದಳು. ಚಹಾ ಬಿಸಿಯಾಗಲೆಂದು ಇಟ್ಟಿದ್ದ ಕಪ್ಪಿನ ಅಂಚಿನಲ್ಲಿ ನೀಲಿ ಕಿಡಿಗಳು ಹಾರುತ್ತಿದ್ದವು. ಅವಳು ಕೈ ಚಾಚುವ ಮೊದಲೇ ‘ಟಪ್’ ಎಂದಿತು. ಒಳಗಿನ ದೀಪ ಆರಿತು. ತಿರುಗುತ್ತಿದ್ದ ತಟ್ಟೆ ನಿಂತಿತು.

ಅವಳು ಸ್ವಿಚ್ ಆರಿಸಿ ಕಪ್ಪನ್ನು ಹೊರತೆಗೆದಳು. ಅದರ ಬಂಗಾರದ ಬಣ್ಣದ ಗೆರೆ ಅಲ್ಲಲ್ಲಿ ಕರಕಲಾಗಿತ್ತು. ತೊಳೆದು, ಎಲ್ಲ ಕಪ್ಪುಗಳ ಹಿಂದೆ ಬಚ್ಚಿಟ್ಟಳು. ಮತ್ತೆ ಸ್ವಿಚ್ ಹಾಕಿದರೆ ಒಲೆಗೆ ಜೀವವೇ ಇಲ್ಲ.

ಆ ಮೈಕ್ರೋವೇವ್ ಒಲೆ ಮನೆಗೆ ಬಂದು ನಾಲ್ಕೇ ದಿನವಾಗಿತ್ತು. ಕುವೈತಿನಲ್ಲಿ ಡ್ರೈವರ್ ಆಗಿದ್ದ, ಅಮ್ಮಿಯ ತಮ್ಮ ಮುನಾಫ್ ಮಾಮೂ ಅದನ್ನು ಎಳೆ ಮಗುವಿನಂತೆ ಕಾಯ್ದುಕೊಂಡು ತಂದಿದ್ದ. ನಿಟ್ಟುವಳ್ಳಿಯ ಅರ್ಧ ಓಣಿ ಬಂದು ನೋಡಿಹೋಗಿತ್ತು. ಬೆಂಕಿಯಿಲ್ಲದೆ ನೀರು ಕುದಿಯುವುದನ್ನು ಕಂಡು ಹಾಲಿನ ಮಾರಣ್ಣ ಎರಡೆರಡು ಸಲ ಕಣ್ಣುಜ್ಜಿಕೊಂಡಿದ್ದ. ಇದರಲ್ಲಿ ಕೇಕ್ ಕೂಡ ಆಗುತ್ತದೆ, ಇದರ ಬಗ್ಗೆ ನನಗೆ ಗೊತ್ತಿಲ್ಲದ್ದೇ ಇಲ್ಲ ಎಂದು ಮಾಮೂ ಎಲ್ಲರಿಗೂ ಹೇಳಿದ್ದ. ಇವತ್ತು ಸಂಜೆ ಆ ಕೇಕ್ ಮಾಡುವುದಿತ್ತು. ಅದಕ್ಕೇ ಹರಿಹರದ ನೆಂಟರನ್ನು ಕರೆತರಲು ಅವನು ಅಮ್ಮಿಯ ಜೊತೆ ಹೋಗಿದ್ದ.

ಮನೆಯಲ್ಲಿ ನಾನಿ ಒಬ್ಬಳೇ. ನಡುಮನೆಯಲ್ಲಿ ರೇಡಿಯೋ ಹಾಕಿಕೊಂಡು ತೂಕಡಿಸುತ್ತಿದ್ದಳು.

ಯಾರೂ ಬರುವ ಮೊದಲೇ ರಿಪೇರಿ ಮಾಡಿಬಿಡಬೇಕು ಅಂದುಕೊಂಡಳು ಫಕ್ರು. ಪ್ಲಗ್ ಕಿತ್ತಳು. ಒಲೆಯನ್ನು ತಿರುಗಿಸಿ, ಸ್ಕ್ರೂಡ್ರೈವರ್ ತಂದು, ಬೆನ್ನಿನ ಒಂದು ಸ್ಕ್ರೂ ಬಿಚ್ಚಿದಳು. ಎರಡನೆಯದಕ್ಕೆ ಕೈ ಹಾಕಿದಾಗ ನಾನಿ ಎದ್ದು ಬಂದಳು. ಮೊಮ್ಮಗಳನ್ನು ನೋಡಿದ್ದೇ, ಹಿತ್ತಿಲ ಗೋಡೆಯ ಬಳಿ ಹೋಗಿ ಪಕ್ಕದ ಮನೆಯ ಕರಿಬಸವರಾಜ ಕಾಕಾನನ್ನು ಕೂಗಿದಳು.

ಕಾಕಾ ಹರಿಹರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಬೆಳಗಿನ ಶಿಫ್ಟ್ ಮುಗಿಸಿ ಆಗಷ್ಟೇ ಬಂದಿದ್ದವರು ಟಿಫಿನ್ ಡಬ್ಬಿ ಹಿಡಿದುಕೊಂಡೇ ಬಂದರು.

“ಫಕ್ರೂ, ಸ್ಕ್ರೂಡ್ರೈವರ್ ಕೆಳಗಿಡವ್ವ,” ಎಂದರು. ದನಿ ಏರಿಸಲಿಲ್ಲ. ಆದರೆ ಅವರ ಮುಖ ಬಿಳಿಚಿತ್ತು.

“ಪ್ಲಗ್ ಕಿತ್ತೀನಿ ಕಾಕಾ.”

“ಕಿತ್ತಿದ್ರೂ ಅಷ್ಟೆ. ಇದರೊಳಗೆ ಕರೆಂಟ್ ಹಿಡಿದಿಟ್ಕಳೋ ಒಂದು ಡಬ್ಬಿ ಐತೆ. ಪ್ಲಗ್ ಕಿತ್ತ ಮ್ಯಾಲೂ ಅದ್ರಾಗೆ ಕರೆಂಟ್ ಉಳಿದಿರತ್ತೆ. ಮುಟ್ಟಿದ್ರೆ ಜೀವಾನೇ ಹೋಗತ್ತೆ. ನಾನೂ ಇದನ್ನ ಬಿಚ್ಚಂಗಿಲ್ಲ. ಇದನ್ನ ಕಲಿತೋರೇ ಬಿಚ್ಚಬೇಕು.”

ಫಕ್ರು ಸ್ಕ್ರೂಡ್ರೈವರ್ ಕೆಳಗಿಟ್ಟು ಹಿಂದೆ ಸರಿದಳು. ಕಾಕಾ ಸ್ಕ್ರೂ ಮತ್ತೆ ಕೂಡಿಸಿ, ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು. ಒಲೆ ನಿಲ್ಲುವ ಮೊದಲು ಏನಾಯಿತು ಎಂದು ಕೇಳಿದರು.

ಏನೂ ಆಗಲಿಲ್ಲ, ತಾನಾಗಿಯೇ ನಿಂತಿತು ಅಂದಳು.

ಕಾಕಾ ಅದನ್ನು ನಂಬಿದರು. ಹಾಗಾದರೆ ಒಳಗೇ ಏನೋ ಕೆಟ್ಟಿದೆ, ಬೊಂಬಾಯಿಗೆ ಕಳಿಸಬೇಕಾದೀತು ಎಂದು ನಾನಿಗೆ ಹೇಳಿದರು. ನಾನಿಯ ಮುಖ ಸಣ್ಣದಾಯಿತು. ಕಾಕಾ ಬೈದಿದ್ದರೂ ಫಕ್ರುಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವಳು ಎದ್ದು ಹೋಗಿ, ಬಚ್ಚಿಟ್ಟ ಕಪ್ಪನ್ನು ತಂದು ಅವರ ಮುಂದಿಟ್ಟಳು.

“ಇದನ್ನ ಒಳಗಿಟ್ಟಿದ್ದೆ. ಕಿಡಿ ಹಾರಿದ್ವು.”

ಕಾಕಾ ಗೆರೆಯ ಮೇಲೆ ಬೆರಳಾಡಿಸಿದರು. ಇದು ಬರೀ ಬಣ್ಣವಲ್ಲ, ಲೋಹ; ಈ ಒಲೆಯ ಅಲೆಗಳು ಲೋಹಕ್ಕೆ ತಾಗಿದರೆ ಕಿಡಿ ಹಾರುತ್ತದೆ ಎಂದರು. ನಂತರ ಅಡುಗೆಮನೆಯ ಲೈಟ್ ಹಾಕಲು ಹೇಳಿದರು.

ಫಕ್ರು ಸ್ವಿಚ್ ಒತ್ತಿದಳು. ಬಲ್ಬ್ ಹತ್ತಲಿಲ್ಲ. ನಡುಮನೆಯಲ್ಲಿ ರೇಡಿಯೋ ಮಾತ್ರ ಹಾಡುತ್ತಲೇ ಇತ್ತು.

“ಇಲ್ಲಿಗೆ ಕರೆಂಟೇ ಬರ್ತಿಲ್ಲ,” ಎಂದಳು ನಿಧಾನವಾಗಿ. “ಒಲೆ ಕೆಟ್ಟಿಲ್ವಾ ಕಾಕಾ?”

“ಅದನ್ನ ಆಮ್ಯಾಲೆ ನೋಡಾಣ. ಮೊದ್ಲು ಗೋಡೆ ನೋಡಾಣ.”

ಕಾಕಾ ಮೇನ್ ಆರಿಸಿ ಫ್ಯೂಸ್ ಎಳೆದರು. ಅದರ ತಂತಿ ಕರಗಿಹೋಗಿತ್ತು. ಪ್ಲಗ್ ತಿರುವಿ ನೋಡಿದರೆ ಅದೂ ಕಂದಾಗಿತ್ತು. ಕುವೈತಿನ ದೊಡ್ಡ ಪ್ಲಗ್ ಇಲ್ಲಿನ ಗೋಡೆಯ ತೂತಿಗೆ ಹೊಂದದೆ ಮಾಮೂ ಅದನ್ನು ಕತ್ತರಿಸಿ, ಟೇಬಲ್ ಫ್ಯಾನಿನ ಸಣ್ಣ ಪ್ಲಗ್ ಹಾಕಿದ್ದ. ಮೂರು ವೈರುಗಳಲ್ಲಿ ಎರಡನ್ನೇ ಕೂಡಿಸಿದ್ದ. ಇಂಥ ಒಲೆ ಎಳೆಯುವ ಕರೆಂಟನ್ನು ಈ ಪಾಯಿಂಟ್ ತಾಳುವುದಿಲ್ಲ, ಫ್ಯೂಸ್ ಹೋದದ್ದೇ ಒಳ್ಳೆಯದಾಯಿತು ಎಂದರು ಕಾಕಾ.

ಅವರು ತಮ್ಮ ಮನೆಯಿಂದ ದೊಡ್ಡ ಪ್ಲಗ್ ತಂದು ಮೂರೂ ವೈರು ಕೂಡಿಸಿದರು. ಫ್ಯೂಸಿಗೆ ಹೊಸ ತಂತಿ ಹಾಕಿದರು. ಒಲೆಯನ್ನು ನಡುಮನೆಗೆ, ಇಸ್ತ್ರಿ ಪೆಟ್ಟಿಗೆಯ ದೊಡ್ಡ ಪಾಯಿಂಟಿನ ಹತ್ತಿರ ಇಟ್ಟರು. ಒಳಗೆಲ್ಲೂ ಸುಟ್ಟಿಲ್ಲ, ಬಾಗಿಲು ಸರಿಯಾಗಿ ಮುಚ್ಚುತ್ತದೆ ಎಂದು ನೋಡಿಕೊಂಡರು. ಗಾಜಿನ ಲೋಟದಲ್ಲಿ ನೀರಿಟ್ಟು ಬಟನ್ ಒತ್ತಲು ಫಕ್ರುಗೇ ಹೇಳಿದರು.

ದೀಪ ಹತ್ತಿತು. ತಟ್ಟೆ ತಿರುಗಿತು. ನಾನಿ ನಕ್ಕುಬಿಟ್ಟಳು.

ಸಂಜೆ ನೆಂಟರ ಜೊತೆ ಬಂದ ಮಾಮೂ ಚಪ್ಪಲಿ ಬಿಡುವ ಮೊದಲೇ ಫಕ್ರು ಎಲ್ಲವನ್ನೂ ಹೇಳಿದಳು. ಕಪ್ಪು, ಸ್ಕ್ರೂ, ಸುಳ್ಳು ಯಾವುದನ್ನೂ ಬಿಡಲಿಲ್ಲ. ಕಾಕಾ ಪ್ಲಗ್ಗಿನ ಸುದ್ದಿ ಹೇಳಿದರು. ಮಾಮೂ ಒಳಗೆ ಹೋಗಿ, ಒಲೆಯ ಜೊತೆ ಬಂದಿದ್ದ, ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದ್ದ ದಪ್ಪ ಪುಸ್ತಕವೊಂದನ್ನು ತಂದ.

“ಅಂಗಡಿಯೋನು ಎರಡು ಬಟನ್ ತೋರಿಸಿದ್ದ, ಅಷ್ಟೆ,” ಎಂದ ತಗ್ಗಿದ ದನಿಯಲ್ಲಿ. “ಇಂಗ್ಲೀಷ್ ನಂಗೆ ಓದಾಕ್ ಬರಲ್ಲ ಅಣ್ಣಾ.”

ಮಾಮೂ, ಕಾಕಾ, ಫಕ್ರು ಮೂವರೂ ಪುಸ್ತಕ ಬಿಡಿಸಿ ಕುಳಿತರು. ಐದನೇ ಕ್ಲಾಸಿನಲ್ಲಿ ಆಗಷ್ಟೇ ಇಂಗ್ಲೀಷ್ ಕಲಿಯಲು ಶುರುಮಾಡಿದ್ದ ಫಕ್ರು ಅಕ್ಷರ ಕೂಡಿಸಿ ‘ಫ್ಯಾನ್’ ಎಂದು ಓದಿದಳು. ‘ಕನ್ವೆಕ್ಷನ್’ ಎಂಬ ಉದ್ದದ ಪದಕ್ಕೆ ಕಾಕಾ ನೆರವಾದರು. ಒಂದೇ ಪೆಟ್ಟಿಗೆಯಲ್ಲಿ ಎರಡು ಒಲೆಗಳಿದ್ದವು. ಒಂದರ ಅಲೆಗಳು ತಿನಿಸಿನೊಳಗಿನ ನೀರನ್ನು ಅಲುಗಾಡಿಸಿ ಬಿಸಿ ಮಾಡುತ್ತವೆ. ಇನ್ನೊಂದರಲ್ಲಿ ತಂತಿಯ ಸುರುಳಿ ಕಾಯುತ್ತದೆ, ಫ್ಯಾನು ಆ ಬಿಸಿ ಗಾಳಿಯನ್ನು ಸುತ್ತಿಸುತ್ತದೆ. ಕೇಕಿಗೆ ಬೇಕಾದದ್ದು ಈ ಎರಡನೆಯದು. ಮಾಮೂ ಒತ್ತಬೇಕೆಂದಿದ್ದದ್ದು ಮೊದಲನೆಯದನ್ನು.

ಕೇಕ್ ಒಂದು ಕಡೆ ವಾಲಿಕೊಂಡೇ ಉಬ್ಬಿತು. ಒಂದು ತುಣುಕೂ ಉಳಿಯಲಿಲ್ಲ. ಹರಿಹರದ ಖತೀಜಾಬೀ ಬಾಯಿ ಒರೆಸಿಕೊಳ್ಳುತ್ತ, ಇದರ ಬಗ್ಗೆ ಪೂರ್ತಿ ಗೊತ್ತೇನಪ್ಪ ನಿನಗೆ ಎಂದು ಮಾಮೂನನ್ನು ಕೇಳಿದಳು.

ಮಾಮೂ ಎದೆಯುಬ್ಬಿಸಲಿಲ್ಲ. ನಾವಿನ್ನೂ ಆರನೇ ಪುಟದಲ್ಲಿದ್ದೇವೆ ಎಂದ.

ಫಕ್ರು ಅವನ ಕೈ ನೋಡಿದಳು. ತಟ್ಟೆ ಒಂದು ಕೈಯಲ್ಲಿತ್ತು. ಇನ್ನೊಂದು ಕೈಯ ಬೆರಳು ಪುಸ್ತಕದಲ್ಲಿ, ಅವರು ನಿಲ್ಲಿಸಿದ ಜಾಗದಲ್ಲೇ ಇತ್ತು. ನಾಲ್ಕು ದಿನದಿಂದ ಆ ಯಂತ್ರಕ್ಕೆ ಅವನೂ ಹೆದರಿಕೊಂಡೇ ಇದ್ದ ಎಂಬುದು ಅವಳಿಗೆ ಹೊಳೆಯಿತು. ಅವಳು ಅವನ ಪಕ್ಕಕ್ಕೆ ಸರಿದು ಕುಳಿತು, ಏಳನೇ ಪುಟ ತಿರುವಿದಳು.