ಏಳು ಮನೆಯ ಸಮುದ್ರ

ಕಳೆದ ವರ್ಷ ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡು ಗಂಟೆಗೆ, ಪತ್ರಿಕೆಯ ವರದಿಯ ಕೆಲಸಕ್ಕೆಂದು ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹದಲ್ಲಿ ನಾನಿದ್ದಾಗ ಇದು ನಡೆಯಿತು.

ಮೊಬೈಲಿನಲ್ಲಿ ರಾಜ್ಯ ಕಟ್ಟುವ ಆಟವೊಂದನ್ನು ನಾನೂ ಕಮಲಾಪುರದಲ್ಲಿರುವ ಚಿಕ್ಕಪ್ಪನ ಮಗ ಚನ್ನವೀರನೂ ನಾಲ್ಕು ವರ್ಷದಿಂದ ಆಡುತ್ತಿದ್ದೆವು. ಚೌಕಾಬಾರ ಆಟದಲ್ಲಿ ಹೇಳುವಂತೆ ಇದರ ಚೌಕಗಳನ್ನೂ ಮನೆ ಎನ್ನುತ್ತಿದ್ದೆವು. ನಮ್ಮ ರಾಜ್ಯಗಳ ನಡುವೆ ಸಾಲಾಗಿ ಏಳು ಮನೆ ಸಮುದ್ರವಿತ್ತು. ಮಣ್ಣು ಸುರಿದು ಅದನ್ನು ನೆಲ ಮಾಡಲು ಆಟದಲ್ಲಿ ಅವಕಾಶವಿದೆ. ‘ನಾನೂ ತುಂಬಂಗಿಲ್ಲ, ನೀನೂ ತುಂಬಂಗಿಲ್ಲ’ ಎಂದು ಇಬ್ಬರೂ ವಿಭೂತಿ ಮುಟ್ಟಿ ಆಣೆ ಮಾಡಿದ್ದೆವು.

ಅಂದು ನೋಡಿದರೆ ಏಳೂ ಮನೆ ನೆಲವಾಗಿದ್ದವು. ಧ್ವನಿ ಬಂದ್ ಮಾಡಿದ್ದರೂ ಬುಟ್ಟಿಯಿಂದ ಹಸಿಮಣ್ಣು ಸುರಿದ ಸಪ್ಪಳ ಕೇಳಿತು. ನಲವತ್ಮೂರು ಡಿಗ್ರಿ ಬಿಸಿಲಿನಲ್ಲೂ ಮೊಬೈಲು ಮಣ್ಣಿನ ಕೊಡದ ನೀರಿನಂತೆ ತಣ್ಣಗಿತ್ತು. ಒಡಹುಟ್ಟಿದವನಂತೆ ನಂಬಿದ್ದವನು ಮೋಸ ಮಾಡಿದನಲ್ಲ ಎಂದು ಫೋನ್ ಹಚ್ಚಿದೆ.

“ಆಣಿ ಮುರದಿ ಅಲಾ, ನಾಚಿಕಿ ಬರಲ್ಲೇನೋ?”

“ಖರೇ ಅಣ್ಣಾ, ನಾ ಮುಟ್ಟೇ ಇಲ್ಲ. ನೀನೇ ತುಂಬಿ ನನ್ನ ಮ್ಯಾಲ ಹಾಕಾಕತ್ತಿ. ಪೇಪರಿನವ್ರೆಲ್ಲಾ ಹಿಂಗೇ!”

“ಮತ್ತ ಅಲ್ಲಿ ಮಣ್ಣು ಸುರಿಯೋ ಸಪ್ಪಳ ಏನದು?”

“ಅದು ನಿನ್ನ ಕಡಿಂದ ಬರಾಕತ್ತದ.”

ಇಬ್ಬರೂ ಒಬ್ಬರನ್ನೊಬ್ಬರು ನಂಬಲಿಲ್ಲ. ಜೂನಿನಲ್ಲಿ ಅವನ ಮಗಳ ತೊಟ್ಟಿಲ ಶಾಸ್ತ್ರಕ್ಕೆ ನನ್ನನ್ನು ಕರೆಯಲಿಲ್ಲ.

ಆಮೇಲೆ ಆಟದ ದಾಖಲೆ ತೆಗೆದು ನೋಡಿದೆ. ಯಾರು ತುಂಬಿದರೆಂದು ಅದು ಹೇಳುವುದಿಲ್ಲ, ತುಂಬಿದ ಕ್ರಮವನ್ನಷ್ಟೇ ತೋರಿಸುತ್ತದೆ. ದಡಕ್ಕೆ ತಾಗಿದ ಮನೆಯನ್ನು ಬಿಟ್ಟು ಬೇರೆಯದನ್ನು ತುಂಬಲು ಆಟ ಬಿಡುವುದಿಲ್ಲ. ಆದರೆ ಮೊದಲು ನೆಲವಾದದ್ದು ನಾಲ್ಕನೆಯದು, ನಟ್ಟನಡುವಿನದು. ಅಲ್ಲಿಂದ ಅದು ನಮ್ಮಿಬ್ಬರ ಕಡೆಗೂ ಬೆಳೆದು ಬಂದಿತ್ತು.