ಇಂಗುಗುಂಡಿಗೆ ಇಳಿಯದ ಅರಿಶಿನ ನೀರು

ಹಸಿರು ಕಟ್ಟಡವಂತೆ, ಹಸಿರು! ನುಂಗಂಬಾಕ್ಕಂನ ಆ ಐದು ಮಹಡಿಯಲ್ಲಿ ಹಸಿರು ಅಂತ ಇದ್ದದ್ದು ಲಿಫ್ಟ್ ಪಕ್ಕದ ಪ್ಲಾಸ್ಟಿಕ್ ಬಳ್ಳಿ ಮಾತ್ರ. ಪಶ್ಚಿಮದ ಗೋಡೆಯೆಲ್ಲ ಗಾಜು. ಚೆನ್ನೈ ಬಿಸಿಲನ್ನು ಒಳಗೆ ಕರೆದು, ಆಮೇಲೆ ದಿನವಿಡೀ ಏಸಿ ಓಡಿಸುವ ಜಾಣತನ ಬೇರೆ.

ಪರಿಸರಸ್ನೇಹಿ ಕಟ್ಟಡಗಳಿಗೆ ಸರ್ಟಿಫಿಕೇಟ್ ಕೊಡುವ ಮೊದಲು ತಪಾಸಣೆ ಮಾಡುವುದು ನನ್ನ ಕೆಲಸ. ಇದರ ಆರ್ಕಿಟೆಕ್ಟ್ ಗಿರಿಧರ್ ಓನರ್ ಆಫೀಸಿನಲ್ಲೇ ಕೆಲಸಕ್ಕಿದ್ದವನು, ತಾಂಬರಂನ ಕನ್ನಡ ರೈಲ್ವೆ ಕುಟುಂಬದವನು. ಮೂರನೇ ಸಲ ಬಂದಿದ್ದೆ. ಈ ಮನುಷ್ಯ ಪ್ರಾಮಾಣಿಕನಾಗಿರಲಪ್ಪಾ ಎಂದು ಒಳಗೊಳಗೇ ಬೇಡುತ್ತಿದ್ದೆ. ಸುಳ್ಳುಗಾರನಿಗೆ ಮನಸ್ಸು ಕೊಡುವಷ್ಟು ಗತಿಗೆಟ್ಟಿರಲಿಲ್ಲ ನಾನು.

“ಗಾಜು ಓನರ್ ಆಸೆ ಕಣ್ರೀ. ನಾನು ಗಾಳಿಯಾಡೋ ತೂತಿನ ಜಾಲಿ ಗೋಡೆ ಬರ್ದಿದ್ದೆ,” ಎಂದ ಗಿರಿಧರ್.

“ಓನರ್ ಹೇಳಿದ್ರೆ ಒಲೆ ಮೇಲೂ ಆಫೀಸ್ ಕಟ್ತೀರಾ?”

“ಜಲಜಾ ಅವ್ರೇ, ಕೊಂಚ ಮೆಲ್ಲ ಬೈರಿ. ವಾಚ್‌ಮನ್ ಕೇಳ್ತಿದಾನೆ.”

ತಲೆ ಬಗ್ಗಿಸಿ, ರೆಪ್ಪೆಯಡಿಯಿಂದ ನನ್ನನ್ನು ನೋಡಿ ನಕ್ಕ. ಕೆನ್ನೆಯಲ್ಲಿ ಗುಳಿ. ದರಿದ್ರ ಗುಳಿ! ನೋಡಬಾರದು ಅಂದುಕೊಂಡೇ ನೋಡಿದೆ.

ಟೆರೇಸಿಗೆ ಹೋಗಿ ಎರಡು ಬಕೆಟ್ ನೀರಿಗೆ ಅರಿಶಿನ ಕಲಸಿ ಮಳೆನೀರಿನ ಪೈಪಿಗೆ ಸುರಿದೆ. ಬರೀ ಮುಚ್ಚಳ ಕೂರಿಸಿ ಇಂಗುಗುಂಡಿ ಎಂದು ತೋರಿಸುವ ಮಹಾನುಭಾವರನ್ನು ಬೇಕಾದಷ್ಟು ನೋಡಿದ್ದೇನೆ. ಕೆಳಗಿಳಿದು ಮುಚ್ಚಳ ಎತ್ತಿಸಿದರೆ ಒಣ ಮರಳು. ಹಳದಿ ನೀರು ಗೇಟಿನಾಚೆ ಚರಂಡಿಗೆ ಬೀಳುತ್ತಿತ್ತು.

“ನಿಮಗೆ ಗೊತ್ತಿತ್ತಾ?” ಗಿರಿಧರನನ್ನು ಕೇಳಿದೆ.

“ಗೊತ್ತಿತ್ತು.”

“ಥೂ! ಇಷ್ಟು ಓದಿದ್ದು ಇದಕ್ಕಾ?”

ಅವನ ಮುಖ ಕಪ್ಪಿಟ್ಟಿತು. ನನಗೆ ಅಳು ಬಂತು, ಅದನ್ನು ನುಂಗಿ ರಿಪೋರ್ಟಿನಲ್ಲಿ ‘ಫೇಲ್’ ಎಂದು ಬರೆದೆ.

ಓನರ್ ಜಯಪ್ರಕಾಶ್ ನಗುತ್ತಾ ಬಂದರು. “ವಿಡುಂಗ ಮೇಡಂ, ಬಿಟ್ಬಿಡಿ. ಪೈಪ್ ಬ್ಲಾಕ್ ಆಗಿದೆ ಅಂತ ಬರೀರಿ ಸಾಕು. ಗಿರಿ, ಹೇಳಪ್ಪಾ ಬ್ಲಾಕ್ ಅಂತ. ಇಲ್ಲಾಂದ್ರೆ ನಾಳೆಯಿಂದ ಆಫೀಸಿಗೆ ಬರ್ಬೇಡ.”

ಗಿರಿಧರ್ ನನ್ನ ಕೈಯಿಂದ ಪೆನ್ನು ತೆಗೆದುಕೊಂಡ. ‘ಪೈಪನ್ನು ಗುಂಡಿಗೆ ಜೋಡಿಸಿಯೇ ಇಲ್ಲ. ನನಗೆ ತಿಳಿದಿತ್ತು, ಮುಚ್ಚಿಟ್ಟೆ’ ಎಂದು ಬರೆದು ಸೈನ್ ಹಾಕಿದ. ಜಯಪ್ರಕಾಶ್ ಕೆಂಡಾಮಂಡಲವಾಗಿ ಕಾರು ಹತ್ತಿದರು.

“ಕೆಲಸ ಹೋಯ್ತು,” ಎಂದ ಗಿರಿಧರ್. “ಹೋಗ್ಲಿ. ನೀವು ಥೂ ಅಂದ್ರಲ್ಲ, ಅದನ್ನ ತಾಳಕ್ಕಾಗ್ಲಿಲ್ಲ. ನಿಮ್ಮನ್ನ ಅಷ್ಟು ಇಷ್ಟಪಡ್ತೀನಿ ನಾನು.”

ಪೆನ್ನು ವಾಪಸ್ ಕೊಡಲು ಕೈ ಚಾಚಿದ. ಆ ಕೈಯನ್ನೇ ಹಿಡಿದುಕೊಂಡೆ.

“ಈ ಕಟ್ಟಡ ನಂಗೆ ಒಂಚೂರೂ ಇಷ್ಟ ಇಲ್ಲ,” ಎಂದೆ. “ನೀವು ಇಷ್ಟ.”

“ಯಾವಾಗಿಂದ?”

“ಮೊದಲನೇ ದಿನದಿಂದ. ಇಲ್ದಿದ್ರೆ ಇಷ್ಟೊಂದು ಬೈಯೋ ಕಷ್ಟ ಯಾರಿಗೆ ಬೇಕಿತ್ತು?”