ಹಗ್ಗದಾಚೆಯ ದನಿ

ಹುಡುಗಾಟಿಕೆಯಂತೆ ಕಂಡರೂ ಇದು ಖರೇ ಕತೆ. ತನ್ನ ಮೇಲೆ ತಾನೇ ದೂರು ಕೊಟ್ಟಂತೆ ಒಬ್ಬ ಮನುಷ್ಯ ಫಿರ್ಯಾದಿ ಬರೆಸಿದ್ದು ಖಾನಾಪುರ ಠಾಣೆಯಲ್ಲಿ ಅದೇ ಮೊದಲು, ಅದೇ ಕೊನೆ.

1928ನೆಯ ಇಸವಿ, ಡಿಸೆಂಬರ್ 12, ಬುಧವಾರ, ಬೆಳಗಿನ ಹನ್ನೊಂದು ಗಂಟೆ. ಫೌಜದಾರ ಭೀಮಗೊಂಡರ ಎದುರು ಇಬ್ಬರು ಕುಳಿತಿದ್ದರು. ಒಬ್ಬರು ನಂದಗಡದ ವ್ಯಾಪಾರಿ ಜಿನಪ್ಪ, ಊರ ಮಂದಿಗೆ ತೋರಿಸಲೆಂದು ವಿಮಾನ ತರಿಸಿದವರು. ಇನ್ನೊಬ್ಬರು ಆ ವಿಮಾನದ ಎಂಜಿನಿಯರ್ ಬಾಳಾಸಾಹೇಬರು.

"ಐಕಾ ಫೌಜದಾರ ಸಾಹೇಬ್ರ!" ಬಾಳಾಸಾಹೇಬರು 'ಕೇಳಿ' ಎನ್ನುವ ತಮ್ಮ ಎಂದಿನ ಮರಾಠಿ ಮಾತಿನಿಂದಲೇ ಗುಡುಗಿದರು. "ಬೆಳಗಾವಿಯಿಂದ ಬಂದು ರೈಲು ಇಳಿದು ಹೊಲಕ್ಕ ಹೋದ್ರ ಹಾರಾಟ ಬಂದ್! ಯಾರು ಬಂದ್ ಮಾಡ್ಯಾರಂತ ಕೇಳಿದ್ರ, ನೀವಽ ರೀ ಅಂತಾರ!"

"ಇವರದಽ ದನಿ ರೀ," ಜಿನಪ್ಪ ಕಿವಿ ಮುಟ್ಟಿ ತೋರಿಸಿದರು. "ಐಕಾ, ಇಮಾನ್ ಹಾರಂಗಿಲ್ಲ ಅಂದ್ರು. ಮೊದಲನೇ ಸೀಟು ತಮ್ಮದಽ ಇತ್ತಲ್ಲರೀ."

ಭೀಮಗೊಂಡರಿಗೆ ಹೊಟ್ಟೆ ಉರಿಯುತ್ತಿದ್ದುದೂ ಅದಕ್ಕೇ. ಕಣಕುಂಬಿ ಕಾಡು ಮೇಲಿಂದ ಹ್ಯಾಂಗ ಕಾಣತೈತಿ, ಬಂದು ಹೇಳ್ರಿ ಎಂದು ಮನೆಯವರು ಕೋಟಿಗೆ ಇಸ್ತ್ರಿ ಮಾಡಿಸಿ ಕಳಿಸಿದ್ದರು.

"ನೀವು ಇಲ್ಲದಾಗ ಬ್ಯಾರೆ ಯಾರರ ಇಮಾನ್ ನೋಡಿ ನಿಲ್ಲಸಬಾರದೇನು?" ಭೀಮಗೊಂಡರು ಬಾಳಾಸಾಹೇಬರನ್ನು ಕೇಳಿದರು.

"ಬರಂಗಿಲ್ಲ. ಪರವಾನಗಿ ಇದ್ದಾವನ ಮಾತು ಅಷ್ಟಽ ನಡೀತೈತಿ. ಅದಕ್ಕ ವರ್ಷಗಟ್ಟಲೆ ಒಬ್ಬರ ಕೈಕೆಳಗ ಕಲೀಬೇಕು. ಆಮ್ಯಾಲೆ ಪರೀಕ್ಷಕರ ಮುಂದ ಕುಂತು ಕೇಳಿದ್ದಕ್ಕೆಲ್ಲ ಬಾಯಿಲೇನಽ ಉತ್ತರ ಕೊಡಬೇಕು. ಮುಂಜಾನೆ ಬೆಳಗಾವ್ಯಾಗ ನಾನಽ ನೋಡಿ ಸಹಿ ಮಾಡೀನಿ. ಪೈಲಟ್ ಒಬ್ಬನಽ ಇಲ್ಲಿಗೆ ಹಾರಿಸಿಕೊಂಡು ಬಂದ. ಸಹಿ ಆದ ಮ್ಯಾಲೆ ಇಮಾನ್ ಬಿದ್ರ, ಬಿದ್ದದ್ದು ನಾನು."

ಎಫ್‌ಐಆರ್ ದಾಖಲಾಯಿತು. ಕಲಂ 419, ಇನ್ನೊಬ್ಬನೆಂದು ನಂಬಿಸಿ ಮೋಸ.

ಹೊಲದಲ್ಲಿ ಊರೇ ನೆರೆದಿತ್ತು. ನಡುವೆ ಬಿಳಿ ರೆಕ್ಕೆಗಳ ಆ ಜೀವ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಕಟ್ಟಿಗೆ, ಅರಿವೆ, ತಂತಿ. ಇಷ್ಟೇ ಸಾಮಾನು ಸಹ್ಯಾದ್ರಿ ದಾಟುತ್ತದೆಂದು ನೆನೆದು ಭೀಮಗೊಂಡರು ತಮಗೆ ಗೊತ್ತಿಲ್ಲದೆ ಟೊಪ್ಪಿಗೆ ತೆಗೆದರು. ಸುತ್ತ ಹಗ್ಗ ಕಟ್ಟಿತ್ತು. ಬಾಲದ ಬಳಿ ನೆಲ ಮುಟ್ಟುವಂತೆ ತಾಡಪತ್ರಿ ಇಳಿಬಿಟ್ಟಿತ್ತು.

"ಬಂದ್ ಮಾಡಿದವರ ಮುಖ ನೋಡಿದ್ರೇನು?" ಫೌಜದಾರರು ಜಿನಪ್ಪರನ್ನು ಕೇಳಿದರು.

"ಹ್ಯಾಂಗ ನೋಡೂದ್ರೀ?" ಜಿನಪ್ಪ ಹಿಂದೆ ಸರಿದರು. "ಇವರು ಹಗ್ಗದೊಳಗ ಕೆಲಸಕ್ಕ ಕುಂತ್ರ ಪೈಲಟ್ ಸುದ್ದಾ ದಾಟಂಗಿಲ್ಲ. ದಾಟಿದ್ರ ನಟ್ಟು ತಿರುಗಸೂ ಪಾನಾ ಒಗೀತಾರ. ತಾಡಪತ್ರಿ ಒಳಗಿಂದ ಬೈದ್ರು, ನಾವು ಸುಮ್ಮನ ಸರದ್ವಿ."

"ರೈಲು ಬರೂದಕ್ಕಿಂತ ಮೊದಲಽ ಬೈಗಳ ಬಂತು. ಯಾರಿಗೂ ಸಂಶೇ ಬರಲಿಲ್ಲ?"

"ಆ ಬೈಗಳ ಕೇಳಿದ ಮ್ಯಾಲೆ ರೈಲಿನ ಹೊತ್ತು ಯಾರು ನೆನಸ್ತಾರ್ರೀ!"

ಹಗ್ಗದೊಳಗೆ ಹೋಗುವ ಅಪ್ಪಣೆ ಇದ್ದವನು ಇನ್ನೊಬ್ಬನೇ. ಬಾಳಾಸಾಹೇಬರ ಕೈಕೆಳಗಿನ ಅನಗೋಳದ ದುಂಡಪ್ಪ. ಮೂವತ್ತರ ಆಳು. ಪೆಟ್ರೋಲ್ ಡಬ್ಬಿಗಳೊಂದಿಗೆ ಹಿಂದಿನ ದಿನವೇ ಬಂದಿದ್ದ.

"ಮುಂಜಾನೆ ಎಲ್ಲಿದ್ದಿ?"

"ಇ... ಇ... ಇಲ್..."

ಕಾನ್‌ಸ್ಟೇಬಲ್ ಬಸಯ್ಯ ಫೌಜದಾರರ ಕಿವಿಯಲ್ಲಿ ಉಸುರಿದ, "ಇವ ಅಲ್ಲರೀ ಸಾಹೇಬ್ರ. ಇವ ತನ್ನ ಹೆಸರು ಹೇಳಿ ಮುಗಸೂದರಾಗ ರೈಲು ಲೋಂಡಾ ಮುಟ್ಟತೈತಿ."

ಭೀಮಗೊಂಡರು ಪಂಚರನ್ನು ಕರೆದು ಪಂಚನಾಮೆ ಶುರು ಮಾಡಿದರು. ತಾವೇ ತಾಡಪತ್ರಿಯೊಳಗೆ ನುಸುಳಿ ಅಂಗಾತ ಮಲಗಿದರು. ಮೇಲೆ ತಂತಿಗಳು ನರಗಳಂತೆ ಹರಿದಿದ್ದವು. ಬಾಲದ ಹತ್ತಿರ ಒಂದು ತಂತಿಗೆ ಗುಲಾಬಿ ಬಣ್ಣದ ನೂಲು ಸಿಕ್ಕಿತ್ತು.

"ಬಾಳಾಸಾಹೇಬ್ರ, ಇದು ಯಾತರ ತಂತಿ?"

ಬಾಳಾಸಾಹೇಬರು ಬಗ್ಗಿ ನೋಡಿದರು. ಅವರ ಗುಡುಗು ಒಮ್ಮೆಲೇ ನಿಂತಿತು. "ಬಾಲ ಆಡಸೂ ತಂತಿ. ಎಳಿ ಕಡದಾವ. ಕಣ್ಣಿಗೆ ಕಾಣಂಗಿಲ್ಲ. ಅರಿವಿ ಹಿಡಿದು ಸವರಬೇಕು, ಕಡದಿದ್ರ ಅರಿವಿ ಸಿಗತೈತಿ. ಮುಂಜಾನೆ ನೆಟ್ಟಗಿತ್ತು. ಇಲ್ಲಿ ಇಳಿಯೂಮುಂದ ಎಲ್ಲೋ ತಾಗೇತಿ."

"ಹಾರಿದ್ರ?"

"ಏರತಿತ್ತು. ಇಳಿಯೂದು ಮಾತ್ರ ನಮ್ಮ ಕೈಯಾಗ ಇರತಿರಲಿಲ್ಲ."

ಭೀಮಗೊಂಡರು ಮಲಗಿದಲ್ಲೇ ಆ ತಂತಿಯನ್ನು ಬೆರಳಿನಿಂದ ಮುಟ್ಟಿದರು. ಇಸ್ತ್ರಿಯ ಕೋಟಿಗೆ ಮಣ್ಣು ಮೆತ್ತಿದ್ದೂ ತಿಳಿಯಲಿಲ್ಲ. ಮುಗಿಲಿಗೂ ನೆಲಕ್ಕೂ ನಡುವೆ ಇದ್ದದ್ದು ಇಷ್ಟು ಸಣ್ಣ ತಂತಿ. ತಂತಿಗೂ ತಮಗೂ ನಡುವೆ ಒಬ್ಬ ಮನುಷ್ಯನ ಮಾತು.

"ಹಿಂಗ ಅರಿವಿ ಸವರೂದು ಯಾರಿಗೆ ಕಲಿಸೀರಿ?"

ಬಾಳಾಸಾಹೇಬರು ದುಂಡಪ್ಪನ ಕಡೆ ತಿರುಗಿದರು. ಅವನ ತಲೆಯ ಮೇಲೆ ರುಮಾಲು ಇರಲಿಲ್ಲ. ಅವನ ಗುಲಾಬಿ ರುಮಾಲು ಪೆಟ್ರೋಲ್ ಡಬ್ಬಿಗಳ ಹಿಂದೆ ಸಿಕ್ಕಿತು. ಅಂಚಿನಲ್ಲಿ ನೂಲು ಕಿತ್ತಿತ್ತು. ಪಂಚರು ಸಹಿ ಹಾಕಿದರು. ಮಧ್ಯಾಹ್ನ ಒಂದೂವರೆಗೆ ದುಂಡಪ್ಪನ ದಸ್ತಗಿರಿಯಾಯಿತು.

ಠಾಣೆಯಲ್ಲಿ ಭೀಮಗೊಂಡರು ಕೇಳಿದರು, "ತಂತಿ ಕಡದೈತಿ ಅಂತ ನೆಟ್ಟಗ ಹೇಳಾಕ ಏನಾಗಿತ್ತೋ?"

ದುಂಡಪ್ಪ ಬಾಯಿ ತೆರೆದ. "ಹ... ಹ..." ಕಣ್ಣು ಮುಚ್ಚಿದ. ಗಂಟಲು ಸರಿಮಾಡಿಕೊಂಡ. ಮರುಗಳಿಗೆ ಠಾಣೆಯ ಹಂಚು ನಡುಗಿತು.

"ಐಕಾ! ಹೇಳಿದ್ನಿ! ಆ ಪೈಲಟ್ ನಾ ತಂತಿ ಅನ್ನಾಕ 'ತ' ಅನ್ನೂದರಾಗ ನಕ್ಕು ಇಮಾನ್ ಏರಾಕ ಹೊಂಟ. ನನ್ನ ದನಿಗೆ ನಾಯಿ ಸುದ್ದಾ ನಿಂದರಂಗಿಲ್ಲ. ಬಾಳಾಸಾಹೇಬ್ರ ದನಿಗೆ ಇಮಾನ್ ನಿಂದರತೈತಿ. ಅವರು ಬಂದ ಮ್ಯಾಲೆ ಹೇಳೂಣು ಅಂದ್ರ, ಬಂದವರಽ ಠಾಣೆಕ್ಕ ಓಡಿದ್ರು!"

ಬಸಯ್ಯ ತಟಕ್ಕನೆ ಎದ್ದು ಬಾಳಾಸಾಹೇಬರಿಗೆ ಸಲಾಮು ಹೊಡೆದ. ಬಾಳಾಸಾಹೇಬರು ಬಾಯಿ ಬಿಚ್ಚಿರಲಿಲ್ಲ.

ಇನ್ನೊಬ್ಬರ ದನಿಯಲ್ಲಿ ಆ ನಾಲಗೆ ಒಮ್ಮೆಯೂ ತಡವರಿಸಿರಲಿಲ್ಲ. ಭೀಮಗೊಂಡರು ಅವನ ಜಬಾನಿ ಹೇಳಿಕೆಯ ಕೆಳಗೆ ಬರೆದರು: ಆರೋಪಿಗೆ ಲಾಭದ ಆಸೆ ಇರಲಿಲ್ಲ, ತನ್ನ ಮಾತು ಯಾರೂ ಪೂರ್ತಿ ಕೇಳಿಸಿಕೊಳ್ಳುವುದಿಲ್ಲ ಎಂಬ ಭಯವಿತ್ತು.

"ಜೀವ ಉಳಿಸಿದಿ, ಖರೇ," ಎಂದರು ಮೆಲ್ಲಗೆ. "ಆದ್ರ ಪರವಾನಗಿ ಇದ್ದಾವನ ದನಿ ಕದ್ದಿ. ಕೋರ್ಟಿಗೆ ಹೋಗಬೇಕು."

"ಜಾಮೀನು ನಾ ನಿಲ್ಲತೀನಿ," ಬಾಳಾಸಾಹೇಬರ ಮುಖ ಇನ್ನೂ ಬಿಗಿದೇ ಇತ್ತು. "ದುಂಡ್ಯಾ, ಎಲ್ಲಾ ಬರತಿದ್ರೂ ಪರೀಕ್ಷಾದಾಗ ಯಾಕ ನಪಾಸಾದಿ? ಉದ್ಧಟ ಅಂತ ಪರೀಕ್ಷಕರು ಹೊರಗ ಹಾಕಿದ್ರಂತ. ಅಲ್ಲಿ ಯಾರ ದನ್ಯಾಗ ಉತ್ತರ ಕೊಟ್ಟಿ?"

ದುಂಡಪ್ಪ ನೆಲ ನೋಡಿದ.

"ಪ... ಪ... ಪರೀಕ್ಷಕರದಽ ದನ್ಯಾಗ್ರೀ."

ಬಾಳಾಸಾಹೇಬರ ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ. ಬಸಯ್ಯ ನಕ್ಕ, ಜಿನಪ್ಪ ನಕ್ಕರು, ಫೌಜದಾರರೂ ನಕ್ಕರು. ಆದರೆ ಸ್ಟೇಶನ್ ರಸ್ತೆಯ ಮಂದಿ ನಿಂತು ತಿರುಗಿ ನೋಡಿದ್ದು ಬಾಳಾಸಾಹೇಬರ ನಗೆಗೆ. ಈ ಸಲ ಆ ದನಿ ಅವರದೇ ಗಂಟಲಿನಿಂದ ಬಂದಿತ್ತು.